ಸೆಲ್ಫ್ ಸ್ಟೋರೇಜ್ ನಡೆಸುತ್ತಿದ್ದೇನೆ, ಅಂದರೆ ಜನ ತಮ್ಮ ಸಾಮಾನು ಇಟ್ಟುಕೊಳ್ಳಲು ಬಾಡಿಗೆಗೆ ಕೊಡುವ ಕೋಣೆಗಳು, ಅಂಥ 60 ಯೂನಿಟ್ ಇವೆ. ಕಟ್ಟಡದ ಹಿಂದೆ ಜಾಗ ಇದೆ. ರೀಸೈಕ್ಲಿಂಗ್‌ಗೆ ಎಂಥ ಡಬ್ಬ ಇಡಬೇಕು, ಎಷ್ಟು ಇಡಬೇಕು? ಸೋಲಾರ್ ಹಾಕಿಸಿದರೆ ಒಳ್ಳೆಯದಾ?

ಡಬ್ಬ ತರಬೇಡಿ. ಆರ್ಡರ್ ಮಾಡಿದ್ದರೆ ಸದ್ಯಕ್ಕೆ ತಡೆಯಿರಿ, ಇದನ್ನು ಓದಿ ಆಮೇಲೆ ಯೋಚಿಸಿ.

ಆರು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ನನ್ನಲ್ಲಿ ಆಗ 80 ಯೂನಿಟ್. ಯೂನಿಟ್ ಖಾಲಿ ಮಾಡುವವರು ಸಾಮಾನು ಗಾಡಿಗೆ ಹಾಕಿಕೊಂಡು ಹೊರಟರೆ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆ, ಬಬಲ್ ರ್‍ಯಾಪ್, ಥರ್ಮೋಕೋಲ್ ಎಲ್ಲ ಹಾಗೇ ಬಿದ್ದಿರುತ್ತಿತ್ತು. ಪೆಟ್ಟಿಗೆಗಳು ಗಟ್ಟಿಮುಟ್ಟಾಗೇ ಇರುತ್ತಿದ್ದವು. ಒಂದೇ ಸಲ ಬಳಸಿದ್ದು ಕಸದ ಲಾರಿ ಹತ್ತುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಸರಿ, ಬಣ್ಣಬಣ್ಣದ ನಾಲ್ಕು ದೊಡ್ಡ ಡಬ್ಬ ತರಿಸಿದೆ. ರಟ್ಟಿಗೊಂದು, ಪ್ಲಾಸ್ಟಿಕ್‌ಗೊಂದು, ಲೋಹಕ್ಕೊಂದು, ಉಳಿದ ಕಸಕ್ಕೊಂದು. ಮೇಲೆ ಚಿತ್ರ ಅಂಟಿಸಿದೆ.

ಆಮೇಲೆ ಆ ನಾಲ್ಕನ್ನೂ ಕಟ್ಟಡದ ಹಿಂದೆ ಇಟ್ಟೆ. ತಪ್ಪು ಮಾಡಿದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ 'ಹಿಂದೆ ಜಾಗ ಇದೆ' ಅಂತ ಬರೆದಿದ್ದೀರಿ. ಮುಂದೆ ಇಟ್ಟರೆ ಗ್ರಾಹಕರ ಕಣ್ಣಿಗೆ ಚೆನ್ನಾಗಿರಲ್ಲ ಅನ್ನುವುದೊಂದೇ ನನ್ನ ಯೋಚನೆ. ಹಿಂದಿನ ಜಾಗ ಆಫೀಸ್ ಕಿಟಕಿಯಿಂದ ಕಾಣುವುದಿಲ್ಲ. ಕ್ಯಾಮೆರಾ ಅಲ್ಲಿಗೆ ತಲುಪುವುದಿಲ್ಲ. ಮೇಲೆ ಮಾಡು ಇಲ್ಲ. ಗೇಟಿನ ಕೋಡ್ ಮಾತ್ರ ಯೂನಿಟ್ ಇರುವ ಎಲ್ಲರಿಗೂ ಗೊತ್ತು. ಯಾರೂ ನೋಡದ ಕಡೆ ಡಬ್ಬ ಇಟ್ಟರೆ ಅದು ರೀಸೈಕ್ಲಿಂಗ್ ಡಬ್ಬ ಆಗಿ ಉಳಿಯಲ್ಲ. ಮೊದಲು ಬಂದವರು ಪೆಟ್ಟಿಗೆಯನ್ನು ಮಡಚದೇ ಹಾಗೇ ತುರುಕುತ್ತಾರೆ. ಮಡಚದ ಒಂದು ಪೆಟ್ಟಿಗೆ ಅರ್ಧ ಡಬ್ಬ ತಿನ್ನುತ್ತದೆ. ಎರಡನೆಯವರಿಗೆ ಮುಚ್ಚಳ ಮುಚ್ಚಲು ಬರುವುದಿಲ್ಲ, ತೆರೆದೇ ಹೋಗುತ್ತಾರೆ. ಮೂರನೆಯವರು ನೆಲದ ಮೇಲಿಡುತ್ತಾರೆ. ನೆಲದ ಮೇಲೆ ಒಂದು ವಸ್ತು ಬಿದ್ದಿತು ಅಂದರೆ ಮುಗಿಯಿತು, ನಾಲ್ಕನೆಯವರಿಗೆ ಅದು ತಿಪ್ಪೆ. ರಾತ್ರಿ ಬಂದು ಮುರಿದ ಕುರ್ಚಿ, ಹಾಸಿಗೆ, ಹಳೆ ಟಿವಿ ಎಲ್ಲ ಇಟ್ಟು ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ಸುಸ್ತಾಗಿರುತ್ತಾರೆ, ಗಾಡಿ ಕಾಯುತ್ತಿರುತ್ತದೆ, ಎದುರಿಗೆ ಒಂದು ಡಬ್ಬ ಕಾಣುತ್ತದೆ, ಅಷ್ಟೇ. ಡಬ್ಬ ಆಫೀಸ್ ಎದುರು ಇದ್ದಿದ್ದರೆ ಇದೇ ಜನ 'ಇದನ್ನ ಎಲ್ಲಿಡಲಿ' ಅಂತ ಒಂದು ಮಾತು ಕೇಳುತ್ತಿದ್ದರು. ಕೇಳೋಕೆ ಅಲ್ಲಿ ಯಾರೂ ಇರಲಿಲ್ಲ. ಹಾಗೆ ಮಾಡಿದವನು ನಾನು.

ಆಮೇಲೆ ಮಳೆ ಬಂತು. ರಟ್ಟು ಕೊಳ್ಳುವವರು ತೂಕದ ಮೇಲೆ ಕೊಳ್ಳುತ್ತಾರೆ, ನೀರಿಗೆ ದುಡ್ಡು ಕೊಡಲ್ಲ. ಒದ್ದೆ ರಟ್ಟಿನ ನಾರು ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಗುಜರಿಯವರು ಗಾಡಿ ತಂದು ಮೇಲಿನ ಪೆಟ್ಟಿಗೆ ಎತ್ತಿದರು. ಅದು ಕೈಯಲ್ಲೇ ಪದರ ಪದರವಾಗಿ ಬಿಟ್ಟುಕೊಂಡಿತು. ಅದರ ಕೆಳಗೆ ನೀಟಾಗಿ ಟೇಪ್ ಹಾಕಿದ್ದ ಒಂದು ಪೆಟ್ಟಿಗೆ, ಮೇಲೆ ಮಾರ್ಕರ್‌ನಲ್ಲಿ 'ಪುಸ್ತಕ' ಅಂತ ಬರೆದಿತ್ತು. ಅವರು ಟೇಪ್ ಕುಯ್ದರು. ಒಳಗಿದ್ದದ್ದು ಅರ್ಧ ತುಂಬಿದ ಪೇಂಟ್ ಡಬ್ಬಿ, ಮುಚ್ಚಳ ಸಡಿಲ. ಹಸಿರು ಬಣ್ಣ ಇಳಿದು ಕೆಳಗಿನ ರಟ್ಟಿಗೆಲ್ಲ ಮೆತ್ತಿಕೊಂಡಿತ್ತು. ಪಕ್ಕದಲ್ಲೇ ಒಂದು ಲ್ಯಾಪ್‌ಟಾಪ್ ಬ್ಯಾಟರಿ, ಹೊಟ್ಟೆ ಉಬ್ಬಿಕೊಂಡಿತ್ತು. ಅವರು ಅದನ್ನು ಮೆಲ್ಲಗೆ ಎತ್ತಿ ದೂರ ಇಟ್ಟು, 'ಇದು ರಟ್ಟು ಒತ್ತುವ ನಮ್ಮ ಪ್ರೆಸ್‌ಗೆ ಹೋಗಿದ್ದರೆ ಬೆಂಕಿ ಏಳುತ್ತಿತ್ತು' ಅಂದರು. ನಿಜ. ಲಿಥಿಯಂ ಬ್ಯಾಟರಿ ಜಜ್ಜಿಹೋದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳುತ್ತದೆ, ಸುತ್ತ ರಟ್ಟಿದ್ದರೆ ಕೇಳುವುದೇ ಬೇಡ. ಅವರು ಖಾಲಿ ಗಾಡಿಯಲ್ಲೇ ವಾಪಸ್ ಹೋದರು. ಒಂದು ವರ್ಷ ನನ್ನ ಫೋನ್ ಎತ್ತಲಿಲ್ಲ. ಅಷ್ಟೂ ರಾಶಿಯನ್ನು ನಾನೇ ದುಡ್ಡು ಕೊಟ್ಟು ಕಸಕ್ಕೆ ಹಾಕಿಸಿದೆ.

ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಪ್ರಶ್ನೆ ಡಬ್ಬದಿಂದ ಶುರುವಾಗಬಾರದು. ನಮ್ಮ ವ್ಯಾಪಾರದಲ್ಲಿ ಕಸ ದಿನಾ ಹುಟ್ಟುವುದಿಲ್ಲ. ಯೂನಿಟ್ ಬಿಡುವ ದಿನ ಹುಟ್ಟುತ್ತದೆ. ಆ ದಿನ ಯಾವುದು ಅಂತ ನಿಮಗೆ ಮುಂಚೆಯೇ ಗೊತ್ತಿರುತ್ತದೆ, ಅವರೇ ನೋಟಿಸ್ ಕೊಟ್ಟಿರುತ್ತಾರಲ್ವಾ? ನಾನೀಗ ಹಿಂದಿನ ದಿನ ಫೋನ್ ಮಾಡುತ್ತೇನೆ. 'ಪೆಟ್ಟಿಗೆ ಮಡಚಿ ಆಫೀಸಿಗೆ ತಂದುಕೊಡಿ. ಪೇಂಟ್, ಬ್ಯಾಟರಿ, ಟ್ಯೂಬ್‌ಲೈಟ್ ಇದ್ದರೆ ಬಿಟ್ಟು ಹೋಗಬೇಡಿ, ನನ್ನನ್ನ ಕೇಳಿ.' ಎರಡು ನಿಮಿಷದ ಮಾತು. ನಾಲ್ಕು ಡಬ್ಬ ಮಾಡದ ಕೆಲಸವನ್ನು ಈ ಫೋನ್ ಮಾಡಿತು.

ಬ್ಯಾಟರಿ ತಂದರೆ ತುದಿಗಳಿಗೆ ಟೇಪ್ ಸುತ್ತಿ ಬೇರೆ ಇಡುತ್ತೇನೆ. ಉಬ್ಬಿದ್ದನ್ನು ಒಣ ಮರಳು ಹಾಕಿದ ಲೋಹದ ಡಬ್ಬಿಯಲ್ಲಿ, ಕಟ್ಟಡದಿಂದ ಹೊರಗೆ ಇಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇಗ ಕಳಿಸುತ್ತೇನೆ. ಟ್ಯೂಬ್‌ಲೈಟ್, ಸಿಎಫ್‌ಎಲ್‌ನಲ್ಲಿ ಪಾದರಸ ಇರುತ್ತದೆ, ಒಡೆಯದ ಹಾಗೆ ನೋಡಿಕೊಳ್ಳಿ. ಫ್ರಿಜ್ ಬಿಟ್ಟು ಹೋದರೆ ಪೈಪ್ ಕತ್ತರಿಸಲು ಯಾರಿಗೂ ಬಿಡಬೇಡಿ. ಒಳಗಿನ ಗ್ಯಾಸ್ ತೆಗೆಯಲು ಬೇರೆ ಉಪಕರಣ ಇದೆ, ಅದಿರುವವರಿಗೇ ಕೊಡಿ.

ಬಂದ ಪೆಟ್ಟಿಗೆಗಳನ್ನು ಗುಜರಿಗೆ ಹಾಕಬೇಡಿ, ಮೊದಲು ಇನ್ನೊಬ್ಬ ಗ್ರಾಹಕರಿಗೆ ಕೊಡಿ. ಕಾಗದದ ನಾರು ಪ್ರತಿ ಸಲ ರೀಸೈಕಲ್ ಆದಾಗಲೂ ಗಿಡ್ಡವಾಗುತ್ತದೆ, ಐದರಿಂದ ಏಳು ಸಲಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಪೆಟ್ಟಿಗೆಯಾಗಿಯೇ ಇನ್ನೊಂದು ಸಲ ಬಳಸಿದರೆ ಆ ನಾರಿಗೆ ಏನೂ ಆಗುವುದಿಲ್ಲ. ಆಫೀಸ್ ಬಾಗಿಲಲ್ಲೇ ಒಂದು ರ್‍ಯಾಕ್ ಇದೆ. ಸಣ್ಣದು, ಮಧ್ಯಮ, ದೊಡ್ಡದು ಅಂತ ಮಡಚಿ ಜೋಡಿಸಿರುತ್ತೇನೆ. ಹೊಸದಾಗಿ ಬರುವವರು ಸುಮ್ನೆ ತಗೊಂಡು ಹೋಗಬಹುದು. ಹೊಸ ಪೆಟ್ಟಿಗೆ ಮಾರಾಟ ಕಡಿಮೆಯಾಗುತ್ತೆ ಅಂತ ನೀವು ಹೆದರಬಹುದು. ಕಡಿಮೆಯಾಗುತ್ತೆ. ಆಗಲಿ ಬಿಡಿ. ಹೊಸ ಪೆಟ್ಟಿಗೆ ಮಾರಿಕೊಂಡು ಪರಿಸರದ ಬೋರ್ಡ್ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪ್ಲಾಸ್ಟಿಕ್ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. ತ್ರಿಕೋನದ ಬಾಣ ಕಂಡರೆ ಸಾಕು, ರೀಸೈಕಲ್ ಆಗುತ್ತೆ ಅಂದುಕೊಳ್ಳುತ್ತಾರೆ. ಆ ಮೂರು ಬಾಣದ ಗುರುತನ್ನು 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಎಂಬ ವಿದ್ಯಾರ್ಥಿ ಬಿಡಿಸಿದ್ದು, ಅದೂ ಕಾಗದಕ್ಕಾಗಿ. ಒಳಗಿನ ನಂಬರ್ ಪ್ಲಾಸ್ಟಿಕ್‌ಗೆ ಬಂದದ್ದು 1988ರಲ್ಲಿ. ಇದು ಯಾವ ಜಾತಿಯ ಪ್ಲಾಸ್ಟಿಕ್ ಅಂತಷ್ಟೇ ಅದು ಹೇಳುತ್ತದೆ. ಥರ್ಮೋಕೋಲ್ ಮೇಲೂ 6 ಅಂತ ಇರುತ್ತದೆ, ಆದರೆ ಅದರಲ್ಲಿ ಸುಮಾರು ನೂರಕ್ಕೆ 98 ಭಾಗ ಗಾಳಿ. ಗಾಡಿ ತುಂಬ ಗಾಳಿ ಸಾಗಿಸಲು ಯಾರು ಬರುತ್ತಾರೆ? ಅದಕ್ಕೇ ಸಾಮಾನು ತರುವಾಗಲೇ ಹೇಳಿಬಿಡುತ್ತೇನೆ, ಟಿವಿಯ ಥರ್ಮೋಕೋಲ್ ಟಿವಿ ಜೊತೆಗೇ ಇರಲಿ, ಮತ್ತೆ ಸಾಗಿಸುವಾಗ ಅದೇ ಬೇಕಾಗುತ್ತದೆ ಅಂತ.

ಸೋಲಾರ್ ಆಮೇಲೆ. ಮೊದಲು ಮಾಡಿನ ಮೇಲೆ ಹತ್ತಿ ತಗಡಿನ ಸ್ಕ್ರೂಗಳನ್ನು ಒಂದೊಂದಾಗಿ ನೋಡಿ. ನನ್ನಲ್ಲಿ ಒಂದೇ ಒಂದು ಸ್ಕ್ರೂನ ರಬ್ಬರ್ ವಾಷರ್ ಬಿರುಕು ಬಿಟ್ಟು ನೀರು ತೊಟ್ಟಿಕ್ಕಿ, ಕೆಳಗಿನ ಯೂನಿಟ್‌ನಲ್ಲಿದ್ದ ಸೋಫಾ, ಎರಡು ಹಾಸಿಗೆ ಪೂರ್ತಿ ಬೂಷ್ಟು ಹಿಡಿದವು. ಬೂಷ್ಟು ಹಿಡಿದ ಹಾಸಿಗೆಯನ್ನು ರೀಸೈಕಲ್ ಮಾಡುವವರೂ ಮುಟ್ಟಲ್ಲ. ಒಂದು ವರ್ಷ ಉಳಿಸಿದ ರಟ್ಟಿಗಿಂತ ಆ ಒಂದು ದಿನದ ಕಸ ಜಾಸ್ತಿ ಇತ್ತು. ಸೋರಿಕೆ ನಿಲ್ಲಿಸಿ, ಶಟರ್ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ, ಓಣಿಗಳ ದೀಪ ಎಲ್‌ಇಡಿ ಮಾಡಿ, ಜನ ಬಂದಾಗ ಮಾತ್ರ ಉರಿಯುವ ಹಾಗೆ ಸೆನ್ಸರ್ ಕೊಡಿಸಿ. ಬಿಸಿಲಿಗೆ ಒಳಗೆ ಕಾಯುತ್ತಿದ್ದರೆ ತಗಡಿಗೆ ಬಿಳಿ ಬಣ್ಣ. ಇಷ್ಟಾದ ಮೇಲೆ ಕರೆಂಟ್ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಸೋಲಾರ್ ಹಾಕಿಸಿ. ನಮ್ಮ ಬಳಕೆ ಕಡಿಮೆ, ಮಾಡು ದೊಡ್ಡದು, ಹಾಗಾಗಿ ಸಣ್ಣ ವ್ಯವಸ್ಥೆಯೇ ಸಾಕಾಗಬಹುದು.

ಡಬ್ಬಗಳು ಬಂದೇ ಬಿಟ್ಟಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ವಾಪಸ್ ಕಳಿಸಿ. ಆ ಒಂದು ಆಫೀಸ್ ಬಾಗಿಲ ಎದುರೇ, ಮಾಡಿನ ಕೆಳಗೆ ಇರಲಿ. ಮುಚ್ಚಳಕ್ಕೆ ಬೀಗ ಹಾಕಿ, ಮಡಚಿದ ರಟ್ಟು ತೂರುವಷ್ಟು ಅಗಲದ ಸೀಳು ಮಾಡಿಸಿ. ನಾನು ಮಾಡಿಸಿದ ಸೀಳು ನಾಲ್ಕು ಬೆರಳಗಲ ಇದೆ. ಪೇಂಟ್ ಡಬ್ಬಿ ಅದರಲ್ಲಿ ಹೋಗಲ್ಲ.