ಓದುಗರ ಪ್ರಶ್ನೆ: ಸಲೈನ್ ಬೇಡ ಅಂದರೆ ಕೈಬಿಟ್ಟ ಹಾಗೇ?

ಪ್ರಶ್ನೆ: ಅವ್ವನಿಗೆ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಇನ್ನು ಚಿಕಿತ್ಸೆ ಇಲ್ಲವೆಂದ ಮೇಲೆ ಮನೆಗೆ ಕರೆತಂದಿದ್ದೇವೆ. ಎರಡು ದಿನದಿಂದ ಗಂಜಿಯೂ ಇಳಿಯುತ್ತಿಲ್ಲ, ಬರೀ ಮಂಪರು. ಮನೆಗೆ ಬರುವ ಹಾಸ್ಪಿಸ್ (ಕೊನೆಗಾಲದ ಆರೈಕೆ) ನರ್ಸ್ ಸಲೈನ್ ಬೇಡ ಅಂತಾರೆ. ಅವರ ಮುಖದಲ್ಲಿ ಗಾಬರಿಯೇ ಇಲ್ಲ. ದಿನಾ ಸಾವು ನೋಡಿ ಮನಸ್ಸು ಕಲ್ಲಾಗುತ್ತದೆಯೇ?
– ಓದುಗರೊಬ್ಬರು, ಗದಗ

ಉತ್ತರ: ಕಲ್ಲಾಗುವುದಿಲ್ಲ. ಮುಂದೇನಾಗುತ್ತದೆ ಎಂಬುದು ಗೊತ್ತಿರುವುದರಿಂದ ಗಾಬರಿ ಇರುವುದಿಲ್ಲ, ಅಷ್ಟೇ. ಈ ಕೆಲಸದವರನ್ನು ಕಾಡುವುದು ಬೇರೆ ಸಂಗತಿ: ರಾತ್ರಿ ನೋವಿನ ಔಷಧ ಮಾರ್ಫಿನ್ ತೀರಿಹೋಗಿ ರೋಗಿ ಬೆಳಗಿನ ತನಕ ನರಳಿದರಂತೆ ಎಂಬ ಸುದ್ದಿ ಬಂದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

ಸಲೈನ್ ವಿಷಯ. ಕೊನೆಯ ದಿನಗಳಲ್ಲಿ ಹೃದಯ, ಮೂತ್ರಪಿಂಡಗಳ ಶಕ್ತಿ ಕುಂದಿರುತ್ತದೆ. ಏರಿಸಿದ ನೀರು ಕಾಲಲ್ಲಿ ಬಾವಾಗಿ, ಎದೆಯಲ್ಲಿ ಕಫವಾಗಿ ನಿಂತು ಉಸಿರಾಟಕ್ಕೇ ತೊಂದರೆ ಕೊಡಬಹುದು. ಬಾಯಿಹುಣ್ಣು, ವಾಂತಿ, ಮಲಬದ್ಧತೆಯಿಂದ ಊಟ ನಿಂತಿದ್ದರೆ ಅದಕ್ಕೆ ಔಷಧವಿದೆ. ಅದನ್ನು ನೋಡಿದ್ದೀರಾ ಎಂದು ನರ್ಸ್‌ಗೆ ನೇರವಾಗಿ ಕೇಳಿ. ಅದಲ್ಲವಾದರೆ, ದೇಹ ತಾನಾಗಿ ಊಟ ಬಿಡುತ್ತಿದೆ. ಬಲವಂತವಾಗಿ ಹಾಲು ಹಾಕಬೇಡಿ, ಶ್ವಾಸನಾಳಕ್ಕೆ ಇಳಿಯುತ್ತದೆ.

ಕಾಡುವುದು ಬಾಯಿ ಒಣಗುವುದು. ಮೆತ್ತನೆಯ ಅರಿವೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಒಂದೆರಡು ತಾಸಿಗೊಮ್ಮೆ ತುಟಿ, ವಸಡು, ನಾಲಿಗೆ ಒರೆಸಿ. ಬೀಗರು ತೀರ್ಥವನ್ನೋ ಪಾದೋದಕವನ್ನೋ ಬಿಡಬೇಕೆಂದರೆ ತಡೆಯಬೇಡಿ. ತಲೆ ಎತ್ತರಿಸಿ, ಬೆರಳಲ್ಲಿ ತುಟಿಗೆ ಸವರಲಿ. ಚಮಚ ಬೇಡ.

ಮಾರ್ಫಿನ್ ಮಾತ್ರೆ ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ. ನೋವು ಏಳುವ ಮೊದಲೇ ಗಡಿಯಾರ ನೋಡಿ ಕೊಡಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಪಟ್ಟುಹಿಡಿದು ರೂಢಿಗೆ ತಂದ ಕ್ರಮವಿದು. ನುಂಗಲಾಗದಾಗ ನಿಲ್ಲಿಸಬೇಡಿ, ಕೂಡಲೇ ಫೋನ್ ಮಾಡಿ. ಚರ್ಮದಡಿ ಸೂಜಿಯಲ್ಲಿ ಕೊಡಬಹುದು. ಹೇಳಿದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಜೀವ ತೆಗೆಯುವುದಿಲ್ಲ.

ಗಂಟಲಲ್ಲಿ ಗೊರಗೊರ ಸಪ್ಪಳ ಬರಬಹುದು. ಕೇಳುವವರಿಗೆ ಕರುಳು ಹಿಂಡಿದಂತಾಗುತ್ತದೆ, ಅರಿವು ತಪ್ಪಿದವರಿಗೆ ಅದರ ಬಾಧೆ ಇರಲಾರದು. ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ದಿಂಬು ಕೊಡಿ. ಮೊಣಕಾಲ ಮೇಲೆ ನೀಲಿ ಮಚ್ಚೆ ಮೂಡುವುದು, ಉಸಿರು ನಿಂತು ನಿಂತು ಬರುವುದು ಕೊನೆಯ ಗುರುತುಗಳು. ಆಗಲೂ ಅವ್ವನ ಜೊತೆ ಮಾತಾಡುತ್ತಿರಿ, ಕಿವಿ ಕೇಳುತ್ತಿರಬಹುದು.

ಪ್ರಶ್ನೆ: ನರ್ಸಿಂಗ್ ಮುಗಿಸಿ ಹಾಸ್ಪಿಸ್ ಕೆಲಸಕ್ಕೆ ಸೇರಿದ್ದೇನೆ. ರೋಗಿಗಳು "ನಾ ಉಳೀತೇನೇನವ್ವಾ?" ಅಂದರೆ ಬಾಯಿ ಕಟ್ಟುತ್ತದೆ.
– ಹಾವೇರಿ

ಉತ್ತರ: "ಏನೂ ಆಗಂಗಿಲ್ಲ" ಅನ್ನಬೇಡಿ, ಆ ಸುಳ್ಳು ಅವರಿಗೆ ತಿಳಿಯುತ್ತದೆ, ಮುಂದೆ ಕೇಳುವುದನ್ನೇ ಬಿಡುತ್ತಾರೆ. ಕುರ್ಚಿ ಎಳೆದು ಕೂತು, "ಯಾಕ ಹಂಗ ಅನಸಾಕ ಹತ್ತೈತ್ರಿ?" ಎಂದು ಕೇಳಿ ಸುಮ್ಮನಿರಿ. ಎಷ್ಟೋ ಸಲ ಒಳಗಿರುವುದು ರಾತ್ರಿಯ ನೋವಿನ ಹೆದರಿಕೆ, ಮಗಳ ಮದುವೆ, ಸೊಸೈಟಿಯ ಸಾಲ. ಇದರಲ್ಲಿ ಕೆಲವಕ್ಕೆ ಅಂದೇ ದಾರಿ ಹುಡುಕಬಹುದು. ನಿಮ್ಮ ಕಣ್ಣು ತುಂಬಿದರೆ ತಪ್ಪೇನಿಲ್ಲ. ಆದರೆ ಯಾವುದೋ ಮನೆಗೆ ಹೋಗಲು ಕಾಲೇ ಬರುತ್ತಿಲ್ಲ ಅನ್ನಿಸಿದ ದಿನ ತಂಡದ ಹಿರಿಯರಿಗೆ ಹೇಳಿ, ಆ ಮನೆಗೆ ಜೊತೆಯಾಗಿ ಹೋಗಿ.