ಇಂಚು ಬಿಡಿ, ಅಗಲ ನೋಡಿ

ಒಂದೇ ಕೈಯಲ್ಲಿ ಹಿಡಿದು ಟೈಪ್ ಮಾಡುವಂಥ ಹೊಸ ಫೋನ್ ಯಾವುದಾದರೂ ಉಳಿದಿದೆಯಾ ಅಂತ ಕೇಳಿದ್ದೀರಿ. ಇದೆ, ಆದರೆ ತುಂಬಾ ಕಡಿಮೆ. ಫೋನ್‌ಗಳು ನಿಜವಾಗಿಯೂ ಜಾಸ್ತಿ ದೊಡ್ಡವಾಗಿವೆ, ನನಗೂ ಇದು ಬೇಸರವೇ. ಆಪಲ್ 2020 ಮತ್ತು 2021ರಲ್ಲಿ 5.4 ಇಂಚಿನ ಐಫೋನ್ ಮಿನಿ ತಂದಿತ್ತು. 2022ರಲ್ಲಿ ಅದನ್ನು ಕೈಬಿಟ್ಟು 6.7 ಇಂಚಿನ ಐಫೋನ್ ಪ್ಲಸ್ ತಂದಿತು.

ಅಂಗಡಿಯಲ್ಲಿ ಇಂಚು ಕೇಳಿ ಸುಮ್ನೆ ತಗೋಬೇಡಿ. ಅದು ಪರದೆಯ ಮೂಲೆಯಿಂದ ಮೂಲೆಗೆ ಅಳೆದದ್ದು, ಕೈಹಿಡಿತಕ್ಕೆ ಬೇಕಾದದ್ದು ಅಗಲ ಅಲ್ವಾ? ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್25 ನೋಡಿ: ಪರದೆ 6.2 ಇಂಚು, ಅಗಲ 70.5 ಮಿ.ಮೀ., ತೂಕ 162 ಗ್ರಾಂ. ಬಲಗೈಯಲ್ಲಿ ಹಿಡಿದು, ಕೀಬೋರ್ಡಿನ ಎಡತುದಿಯ ಅಕ್ಷರ ಹೆಬ್ಬೆರಳಿಗೆ ಸಿಗುತ್ತದೆಯಾ ಅಂತ ಒತ್ತಿ ನೋಡಿ. ಕವರ್ ಹಾಕಿದರೆ ಇನ್ನಷ್ಟು ಅಗಲವಾಗುತ್ತದೆ, ಅದನ್ನೂ ಹಾಕಿಸಿಯೇ ನೋಡಿ.