ದಪ್ಪಗಿದ್ದ ಮಗಳು ಊಟ ಬಿಟ್ಟಾಗ

ಪ್ರಶ್ನೆ: ನಾವು ಗಂಗಾವತಿ ಹತ್ತಿರದ ಹಳ್ಳಿಯವರು. ಹತ್ತನೇ ತರಗತಿಯಲ್ಲಿರುವ ನನ್ನ ಮಗಳು ಚಿಕ್ಕಂದಿನಿಂದಲೂ ದಪ್ಪ. ಬೇಸಿಗೆಯಲ್ಲಿ ಒಂದು ಮದುವೆಮನೆಯಲ್ಲಿ ಅವಳ ಸೋದರತ್ತೆ ನಾಲ್ಕು ಜನರ ಮುಂದೆ ‘ಇವಳಿಗೆ ಗಂಡು ಹುಡುಕುವುದು ಕಷ್ಟ’ ಎಂದುಬಿಟ್ಟರು. ಅಂದಿನಿಂದ ಊಟ ಕಡಿಮೆ ಮಾಡಿದಳು. ನಾಲ್ಕೇ ತಿಂಗಳಲ್ಲಿ ತೂಕ ಬಹಳ ಇಳಿದಿದೆ. ಶಾಲೆಯಲ್ಲಿ, ಓಣಿಯಲ್ಲಿ ಎಲ್ಲರೂ ಹೊಗಳುತ್ತಾರೆ. ಆದರೆ ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು ಎನ್ನುತ್ತಾಳೆ, ಎರಡು ತಿಂಗಳಿಂದ ಮುಟ್ಟಾಗಿಲ್ಲ. ಮೊನ್ನೆ ಶಾಲೆಯ ಚೀಲ ಒಗೆಯಲು ತೆಗೆದಾಗ ಅದರ ತಳದಲ್ಲಿ, ಕವರಿನೊಳಗೆ, ವಾರದ ಹಿಂದೆ ಬುತ್ತಿಗೆ ಕಟ್ಟಿದ್ದ ರೊಟ್ಟಿಯ ಚೂರುಗಳು ಸಿಕ್ಕವು. ‘ಇನ್ನೂ ದಪ್ಪವೇ ಇದ್ದಾಳಲ್ಲ, ಇಳಿಯಲಿ ಬಿಡು’ ಎನ್ನುತ್ತಾರೆ ನಮ್ಮ ಮನೆಯವರು. ನಾನು ಸುಮ್ಮನಿರಲೇ? ಮುಂದಿನ ತಿಂಗಳು ಇನ್ನೊಂದು ಮದುವೆಯಿದೆ, ಕರೆದುಕೊಂಡು ಹೋಗಲೇ?

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಈ ವಾರದೊಳಗೆ ಅವಳನ್ನು ವೈದ್ಯರಿಗೆ ತೋರಿಸಿ. ನೀವು ಬರೆದಿದ್ದ ಕಿಲೋ ಲೆಕ್ಕವನ್ನು ನಾನು ಬೇಕೆಂದೇ ಇಲ್ಲಿ ಕೈಬಿಟ್ಟಿದ್ದೇನೆ. ಇದನ್ನು ಓದುವ ಬೇರೆ ಮಕ್ಕಳು ಅದನ್ನೇ ಗುರಿ ಮಾಡಿಕೊಳ್ಳಬಾರದು.

ಊಟ ಬಿಡುವ ಕಾಯಿಲೆ ಎಂದರೆ ಎಲುಬು ಕಾಣುವಷ್ಟು ಸೊರಗಿದ ಹುಡುಗಿಯೇ ನಮ್ಮ ಕಣ್ಣ ಮುಂದೆ ಬರುತ್ತಾಳೆ. ಆದ್ದರಿಂದಲೇ ಮೊದಲು ದಪ್ಪಗಿದ್ದ ಮಕ್ಕಳಲ್ಲಿ ಈ ಕಾಯಿಲೆ ತಡವಾಗಿ ಪತ್ತೆಯಾಗುತ್ತದೆ. ತೂಕ ಸಾಮಾನ್ಯ ಮಟ್ಟದಲ್ಲಿದ್ದರೂ, ಅದಕ್ಕಿಂತ ಹೆಚ್ಚಿದ್ದರೂ ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ಕಾಯಿಲೆಯ ಉಳಿದ ಲಕ್ಷಣಗಳೆಲ್ಲ ಇರಬಹುದು ಎಂಬುದನ್ನು 2013ರಲ್ಲಿ ಬಂದ ಮನೋವೈದ್ಯಕೀಯ ವರ್ಗೀಕರಣವು ‘ಎಟಿಪಿಕಲ್ ಅನೊರೆಕ್ಸಿಯಾ’ ಎಂಬ ಹೆಸರಿನಲ್ಲಿ ಗುರುತಿಸಿದೆ. ತೂಕದ ಯಂತ್ರದ ಮುಳ್ಳು ಈಗ ಎಲ್ಲಿ ನಿಂತಿದೆ ಎಂಬುದಕ್ಕಿಂತ, ಅದು ಎಷ್ಟು ಬೇಗ ಮತ್ತು ಯಾವ ರೀತಿಯಲ್ಲಿ ಇಳಿಯಿತು ಎಂಬುದೇ ಇಲ್ಲಿ ಮುಖ್ಯ. ಬೇಕಾದಷ್ಟು ಆಹಾರ ಸಿಗದಿದ್ದಾಗ ದೇಹವು ಖರ್ಚು ಕಡಿಮೆ ಮಾಡಲು ನಾಡಿಬಡಿತವನ್ನು ನಿಧಾನಗೊಳಿಸುತ್ತದೆ, ಮುಟ್ಟನ್ನು ನಿಲ್ಲಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕೂದಲು ಉದುರುತ್ತದೆ. ಮೈಮೇಲೆ ಕೊಬ್ಬು ಉಳಿದಿದ್ದರೂ ಇದೆಲ್ಲ ಆಗುತ್ತದೆ. ನಿಮ್ಮ ಮಗಳ ಮುಟ್ಟು ನಿಂತಿರುವುದನ್ನು ನಿಮ್ಮ ಯಜಮಾನರು ಈ ದೃಷ್ಟಿಯಿಂದ ನೋಡಬೇಕು.

ದಪ್ಪಗಿರುವ ಮಕ್ಕಳಿಗೆ ಈ ಅಪಾಯ ಹೆಚ್ಚಿರುವುದಕ್ಕೆ ದೊಡ್ಡ ಕಾರಣ ಅವರ ದೇಹವಲ್ಲ, ಅದರ ಬಗ್ಗೆ ನಾವು ಆಡುವ ಮಾತು ಮತ್ತು ಆ ಮಾತಿಗೆ ಹೆದರಿ ಅವರು ತಾವಾಗಿಯೇ ಹಿಡಿಯುವ ಕಠಿಣ ಪಥ್ಯ. 1999ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು 14-15 ವಯಸ್ಸಿನ ವಿದ್ಯಾರ್ಥಿಗಳನ್ನು ಮೂರು ವರ್ಷ ಗಮನಿಸಿತು. ಪಥ್ಯವನ್ನೇ ಮಾಡದ ಹುಡುಗಿಯರಿಗೆ ಹೋಲಿಸಿದರೆ ತೀವ್ರ ಪಥ್ಯ ಮಾಡಿದವರಲ್ಲಿ ಇಂಥ ಕಾಯಿಲೆ ಬರುವ ಸಾಧ್ಯತೆ 18 ಪಟ್ಟು, ಮಧ್ಯಮ ಪಥ್ಯ ಮಾಡಿದವರಲ್ಲಿ 5 ಪಟ್ಟು ಹೆಚ್ಚಿತ್ತು. ವೈದ್ಯರ ಮೇಲ್ವಿಚಾರಣೆಯಲ್ಲಿ, ಮನೆಮಂದಿಯೆಲ್ಲ ಸೇರಿ ಆಹಾರ ಮತ್ತು ಆಟಪಾಠದ ಕ್ರಮ ಬದಲಿಸಿಕೊಳ್ಳುವುದು ಬೇರೆಯೇ ವಿಷಯ; ಅದರಿಂದ ಈ ಭಯ ಬೇಡ. ಇನ್ನು ಕೆಲವು ಮಕ್ಕಳು ಹಗಲೆಲ್ಲ ಹಸಿದಿದ್ದು, ರಾತ್ರಿ ಯಾರಿಗೂ ಕಾಣದಂತೆ ಡಬ್ಬಿಯ ಮಂಡಕ್ಕಿ, ಚಕ್ಕುಲಿಯನ್ನೆಲ್ಲ ತಡೆಯಲಾರದೆ ತಿಂದು, ಆಮೇಲೆ ನಾಚಿಕೆಯಿಂದ ಅಳುತ್ತಾರೆ. ಗಂಡುಮಕ್ಕಳಲ್ಲೂ ಇದು ಉಂಟು.

ಒಪ್ಪತ್ತಿನ ಬಗ್ಗೆ ಒಂದು ಮಾತು. ನಮ್ಮ ಭಾಗದಲ್ಲಿ ವಾರಕ್ಕೊಂದು ಒಪ್ಪತ್ತು ಹಿರಿಯರಿಂದ ಬಂದ ಪದ್ಧತಿ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಬೆಳೆಯುವ ಹುಡುಗಿ ವಾರಕ್ಕೆ ಮೂರು ದಿನ ಒಪ್ಪತ್ತು ಮಾಡಿ, ಉಳಿದ ದಿನ ಬುತ್ತಿಯ ರೊಟ್ಟಿಯನ್ನು ಮುಚ್ಚಿಡುತ್ತಿದ್ದರೆ ಅದು ವ್ರತವಲ್ಲ. ಯಾರೂ ಪ್ರಶ್ನೆ ಕೇಳದಿರಲಿ ಎಂದು ಅವಳು ಹುಡುಕಿಕೊಂಡ ಮರೆ ಅದು. ಸುಳ್ಳು ಹೇಳಿದಳೆಂದು ಗದರಬೇಡಿ; ಮುಚ್ಚಿಡುವುದು ಕಾಯಿಲೆಯ ಲಕ್ಷಣ.

ವೈದ್ಯರಲ್ಲಿ ‘ತೂಕ ಇಳಿದಿದೆ’ ಎಂದಷ್ಟೇ ಹೇಳಿದರೆ ಅವರೂ ಶಹಬ್ಬಾಸ್ ಎನ್ನಬಹುದು. ಎಷ್ಟು ತಿಂಗಳಲ್ಲಿ ಇಳಿಯಿತು, ಮುಟ್ಟು ಯಾವಾಗ ನಿಂತಿತು, ಊಟವಾದ ಮೇಲೆ ವಾಂತಿ ಮಾಡಿಕೊಳ್ಳಲು ಬಚ್ಚಲಿಗೆ ಹೋಗುತ್ತಾಳೆಯೇ ಎಂಬುದನ್ನು ಬರೆದುಕೊಂಡು ಹೋಗಿ. ಮಲಗಿದಾಗ ಮತ್ತು ಎದ್ದು ನಿಂತಾಗ ನಾಡಿ, ರಕ್ತದೊತ್ತಡ, ಒಂದು ಇಸಿಜಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಫಾಸ್ಫೇಟ್ ನೋಡಲು ಕೇಳಿ. ವಾಂತಿ ಮಾಡಿಕೊಳ್ಳುವವರಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಹಗಲಿನಲ್ಲಿ ನಾಡಿ 50ಕ್ಕಿಂತ ಕಡಿಮೆಯಿದ್ದರೆ, ತಲೆಸುತ್ತಿ ಬಿದ್ದರೆ ಕಾಯದೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಬಹಳ ದಿನ ಹಸಿದಿದ್ದ ದೇಹಕ್ಕೆ ಒಮ್ಮೆಲೇ ತುಂಬ ಉಣಿಸುವುದೂ ಅಪಾಯ. ಎಷ್ಟು, ಹೇಗೆ ಹೆಚ್ಚಿಸಬೇಕೆಂದು ವೈದ್ಯರೇ ಹೇಳಲಿ.

ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಿ, ಅದಕ್ಕೆ ಸಂಕೋಚ ಬೇಡ. ದೊಡ್ಡ ಊರಿಗೆ ಹೋಗದೆ ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿಯಲ್ಲೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ತೂಕದ ಮಾತನ್ನು ಇಂದೇ ನಿಲ್ಲಿಸಿ, ಹೊಗಳಿಕೆಯನ್ನೂ ಸೇರಿಸಿ. ‘ಎಷ್ಟು ತೆಳ್ಳಗಾದೆ’ ಎಂಬ ಮಾತು ಅವಳಿಗೆ ‘ಇನ್ನೂ ಬಿಡು’ ಎಂದೇ ಕೇಳಿಸುತ್ತದೆ. ದಿನಕ್ಕೆ ಒಂದು ಹೊತ್ತಾದರೂ ನೀವೆಲ್ಲ ಒಟ್ಟಿಗೆ ಕುಳಿತು, ಅದೇ ರೊಟ್ಟಿ, ಅದೇ ಹೆಸರುಕಾಳು ಪಲ್ಯ, ಅದೇ ಶೇಂಗಾ ಚಟ್ನಿ ಉಣ್ಣಿ. ಅವಳಿಗೇ ಬೇರೆ ಅಡಿಗೆ ಬೇಡ. ಊಟವಾದ ಮೇಲೆ ಒಂದು ತಾಸು ಯಾರಾದರೂ ಅವಳ ಜೊತೆ ಇರಿ. ‘ನಿನ್ನ ಆರೋಗ್ಯದ ಚಿಂತೆ ನನ್ನನ್ನು ಕಾಡುತ್ತಿದೆ, ಇಬ್ಬರೂ ಹೋಗಿ ತೋರಿಸಿಕೊಂಡು ಬರೋಣ’ ಎಂದು ಒಮ್ಮೆ ನೇರವಾಗಿ ಹೇಳಿ.

ಮದುವೆಗೆ ಕರೆದೊಯ್ಯುವುದು ವೈದ್ಯರು ಒಪ್ಪಿದರೆ, ಅವಳಿಗೂ ಮನಸ್ಸಿದ್ದರೆ ಮಾತ್ರ. ಅದಕ್ಕೂ ಮೊದಲು ನಿಮ್ಮ ಯಜಮಾನರೇ ಅವರ ತಂಗಿಗೋ ಅಕ್ಕನಿಗೋ ಫೋನು ಮಾಡಿ, ಹುಡುಗಿಯ ಮೈಕಟ್ಟಿನ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಮಾತೂ ಆಡಬಾರದೆಂದು ಹೇಳಲಿ. ಆ ಮಾತು ನಿಮ್ಮ ಬಾಯಿಂದ ಹೋದರೆ ಅತ್ತಿಗೆ-ನಾದಿನಿಯರ ಜಗಳವಾಗುತ್ತದೆ, ಅವರಿಂದಲೇ ಹೋದರೆ ನಡೆಯುತ್ತದೆ.